ಮೊದಲು ಎಳೆ, ಆಮೇಲೆ ಬಿಸಿ

ಶನಿವಾರ, ಮಾರ್ಚ್ ೧೪

ನನ್ನ ಪ್ರೀತಿಯ ಮಾತುಗಳ್ಳರಿಗೆ,

ನಿಮ್ಮ ಬಾಯಿಬಡುಕಿ ಮಾಡುವ ನಮಸ್ಕಾರಗಳು. ನಾನೂ ಅತ್ತೆಯೂ ಕ್ಷೇಮ. ಅವರ ಮಂಡಿನೋವೂ ಕ್ಷೇಮವಾಗಿದೆ, ದಿನಕ್ಕೆರಡು ಸಲ ತಪ್ಪದೆ ತನ್ನ ಸುದ್ದಿ ಹೇಳಿಕೊಳ್ಳುತ್ತದೆ. ನಿಮ್ಮ ಕಾಗದ ಬಂದು ಬಹಳ ದಿನವಾಯಿತು, ಉತ್ತರ ಬರೆಯಲು ಈಗ ಕೂತಿದ್ದೇನೆ, ಸಿಟ್ಟು ಮಾಡಿಕೊಳ್ಳಬೇಡಿ. ಮಿಠಾಯಿ ಕಾರ್ಖಾನೆಯಲ್ಲಿ ದೊಡ್ಡ ಬಾಣಲೆಯ ತಳ ತೂತಾಗಿದೆ. ಹೊಸದು ಬರುವ ತನಕ ಸಣ್ಣ ಬಾಣಲೆಯಲ್ಲೇ ಪಾಕ ಕಾಯಿಸಿ ಎಂದು ಮಾಲೀಕರು ಆರಾಮವಾಗಿ ಹೇಳಿ ಹೋದರು. ಒಂದು ಸಲಕ್ಕೆ ಮುಗಿಯುತ್ತಿದ್ದ ಕೆಲಸಕ್ಕೆ ಈಗ ನಾಲ್ಕು ಸಲ ಕೈಯಾಡಿಸಬೇಕು. ಮನೆಗೆ ಬರುವಷ್ಟರಲ್ಲಿ ತೋಳು ನನ್ನದೇ ಅಲ್ಲ ಅನ್ನಿಸುತ್ತದೆ. ಅಂಥ ತೋಳಿನಿಂದ ಇಷ್ಟುದ್ದ ಬರೆಯುತ್ತಿದ್ದೇನೆ, ಅದನ್ನಾದರೂ ಮೆಚ್ಚಿಕೊಳ್ಳಿ.

ನಿಮ್ಮದೋ ಅರ್ಧ ಪುಟದ ಕಾಗದ. ಅದರಲ್ಲಿ ಗುಡ್ಡದ ಚಳಿಗೆ ಮೂರು ಸಾಲು, ನಿಮ್ಮ ವಿದ್ಯುತ್ ಸ್ಥಾವರದ ಎರಡನೇ ಯಂತ್ರ ಕೆಮ್ಮುತ್ತಿರುವುದಕ್ಕೆ ನಾಲ್ಕು ಸಾಲು. ನಾನು ಆ ಯಂತ್ರವಾಗಿ ಹುಟ್ಟಬೇಕಿತ್ತು. ಕೊನೆಗೆ ಒಂದೇ ಒಂದು ಸಾಲು ನನ್ನ ಬಗ್ಗೆ: ‘ಮೈಯ ಗುರುತುಗಳನ್ನು ಅಷ್ಟೊಂದು ನಂಬಬೇಡ, ನೀನು ಓದುತ್ತಿರುವುದೇ ತಪ್ಪಿರಬಹುದು.’ ಸಮಾಧಾನಕ್ಕೆಂದು ಬರೆದಿದ್ದೀರಿ, ಗೊತ್ತು. ಆದರೂ ಆ ಸಾಲು ಹೋಗಿ ಎಲ್ಲೋ ಚುಚ್ಚಿಕೊಂಡಿದೆ. ಅದಕ್ಕೇ ಇವತ್ತು ನಾಚಿಕೆಯನ್ನು ಪಕ್ಕಕ್ಕಿಟ್ಟು, ನನ್ನ ಮೈ ನನಗೆ ಏನೇನು ಹೇಳುತ್ತದೆ, ನಾನು ಅದನ್ನು ಹೇಗೆ ಓದುತ್ತೇನೆ ಎಂದು ಪೂರ್ತಿ ಬರೆಯುತ್ತೇನೆ. ನಿಮ್ಮ ಆರು ಮಂಚದ ಕೋಣೆಯಲ್ಲಿ ಯಾರೂ ಇಲ್ಲದಾಗ ಓದಿ.

ಮೊದಲನೆಯ ಮಗು ಹೊಟ್ಟೆಗೆ ಬಂದಾಗ ನಮಗೆ ಯಾವ ಗುರುತೂ ಗೊತ್ತಿರಲಿಲ್ಲ. ನೀವು ಆಗ ಇಲ್ಲೇ ಕೆಲಸದಲ್ಲಿದ್ದಿರಿ, ಸಂಜೆಯಾದರೆ ಮನೆಗೆ ಬರುತ್ತಿದ್ದಿರಿ, ಅದು ತಾನಾಗಿ ಬಂತು. ಐದನೇ ತಿಂಗಳಲ್ಲಿ ತಾನಾಗಿ ಹೋಯಿತು. ಆ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಆಮೇಲೆ ಡಾಕ್ಟರು ‘ನಿಮ್ಮ ಮೈ ಸರಿಯಾಗಿದೆ, ಮತ್ತೆ ಆಗುತ್ತೆ, ಧೈರ್ಯವಾಗಿರಿ’ ಅಂದರು. ನಾನು ಧೈರ್ಯ ತಂದುಕೊಳ್ಳುವಷ್ಟರಲ್ಲಿ ನಿಮಗೆ ಗುಡ್ಡದ ಮೇಲಕ್ಕೆ ವರ್ಗವಾಯಿತು. ತಿಂಗಳಲ್ಲಿ ನಾಲ್ಕು ದಿನ ಮನೆಗೆ ಬರುವ ಗಂಡ, ತಿಂಗಳಲ್ಲಿ ಕೆಲವೇ ದಿನ ಫಲ ಹಿಡಿಯುವ ಮೈ, ಇವೆರಡನ್ನೂ ಒಂದೇ ಸೂರಿನಡಿ ಕೂಡಿಸಬೇಕು. ನಮ್ಮ ಕಷ್ಟವೆಲ್ಲ ಇಷ್ಟೇ. ಯಾರಿಗಾದರೂ ಹೇಳಿದರೆ ಬಸ್ಸಿನ ವೇಳಾಪಟ್ಟಿಯ ತೊಂದರೆ ಅಂದುಕೊಂಡಾರು.

ನಾನು ಮೊದಲು ನಂಬಿದ್ದು ಥರ್ಮಾಮೀಟರನ್ನು. ಗರ್ಭಕೋಶದ ಪಕ್ಕದ ಅಂಡಾಶಯದಿಂದ ಅಂಡ ಬಿಡುಗಡೆಯಾದಾಗ ಮೈಯ ಬಿಸಿ ಒಂದು ಚೂರು ಏರುತ್ತದೆ ಎಂದು ಓದಿದ್ದೆ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ, ಏಳುವ ಮುಂಚೆ, ಮಾತಾಡುವ ಮುಂಚೆ ನೋಡಬೇಕಂತೆ. ಮಾತಾಡುವ ಮುಂಚೆ ಅನ್ನುವುದೇ ನನಗೆ ದೊಡ್ಡ ಶಿಕ್ಷೆ. ಅತ್ತೆ ಬಾಗಿಲಲ್ಲಿ ನಿಂತು ‘ಏಳೇ, ಹಾಲು ಬಂತು’ ಅಂದರೆ ನಾನು ಬಾಯಲ್ಲಿ ಕಡ್ಡಿ ಇಟ್ಟುಕೊಂಡು ‘ಊಂ, ಊಂ’ ಅನ್ನುತ್ತಿದ್ದೆ. ಕೆಲವು ದಿನ ಸುಮ್ಮನೆ ನೋಡಿದರು. ಆಮೇಲೆ ಪಕ್ಕದ ಮನೆಯ ಹೊಲಿಗೆಯವಳ ಹತ್ತಿರ ‘ಪಾಪ, ನಮ್ಮ ಸೊಸೆಗೆ ದಿನಾ ಬೆಳಿಗ್ಗೆ ಜ್ವರ. ಕೆಲಸಕ್ಕೆ ಹೋಗೋ ಹೊತ್ತಿಗೆ ಬಿಟ್ಟುಹೋಗುತ್ತೆ. ಏನು ಜ್ವರವೋ ಏನೋ’ ಎಂದು ಹೇಳಿಬಿಟ್ಟರು. ಇಡೀ ಬೀದಿ ನನ್ನ ಜ್ವರ ವಿಚಾರಿಸಿತು. ದಿನಸಿ ಅಂಗಡಿಯವನಂತೂ ಚಿಲ್ಲರೆಯನ್ನು ನನ್ನ ಕೈಗೆ ಕೊಡದೆ ಮೇಜಿನ ಮೇಲಿಟ್ಟು ಹಿಂದೆ ಸರಿಯತೊಡಗಿದ.

ಕಡ್ಡಿಯಲ್ಲಿ ಬಿಸಿ ಏರಿದ್ದು ಕಂಡ ಬೆಳಿಗ್ಗೆಯೇ ನಿಮಗೆ ಫೋನ್. ನಿಮ್ಮಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ, ಇರುವುದು ಕಚೇರಿಯ ಒಂದೇ ಫೋನು, ಎತ್ತುವವರು ಆ ಗುಮಾಸ್ತರು. ಅವರ ಕಿವಿಗೆ ಹಾಕುವಂಥ ಮಾತೇ ಇದು? ಅದಕ್ಕೇ ನಾವಿಬ್ಬರೂ ಕೂತು ಒಂದು ಗುಟ್ಟಿನ ಮಾತು ಆರಿಸಿಕೊಂಡಿದ್ದೆವಲ್ಲ, ‘ಪಾಕ ಎಳೆಗೆ ಬಂದಿದೆ’ ಎಂದು. ‘ಮೇಡಂ, ತಿಂಗಳು ತಿಂಗಳೂ ಪಾಕ ಬರುತ್ತೆ, ನಮಗೆ ಒಂದು ಮಿಠಾಯಿನೂ ಬರಲ್ವಲ್ಲ’ ಎಂದು ಗುಮಾಸ್ತರು ಅಂದದ್ದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಅತ್ತೆಯೂ ಒಂದು ದಿನ ಕೇಳಿದರು: ‘ಅಲ್ವೇ, ವರ್ಷವಿಡೀ ಪಾಕ ಮಾಡೋಳು ನೀನು. ತಿಂಗಳಿಗೊಂದ್ಸಲ ಮಾತ್ರ ಯಾಕೆ ಅವನಿಗೆ ಫೋನ್ ಮಾಡಿ ಹೇಳ್ತೀಯ?’ ನಾನು ಬಾಯಿಗೆ ಬಂದದ್ದು ಹೇಳಿ ಜಾರಿಕೊಂಡೆ. ಆದರೆ ನೀವು ಬಂದ ದಿನ ಅವರು ತಮ್ಮ ತಂಗಿಯ ಮನೆಗೆ ಹೊರಟು ನಿಂತರು, ಅದೂ ಮಂಡಿನೋವಿನಲ್ಲಿ. ಅವರಿಗೆ ಎಲ್ಲ ಗೊತ್ತು ಎಂದು ನನಗೆ ಆಗಲೇ ಗೊತ್ತಾಯಿತು.

ಫೋನ್ ಮಾಡಿದ ಮರುದಿನ ಸಂಜೆಗೆ ನೀವು ಬಂದಿಳಿಯುತ್ತಿದ್ದಿರಿ. ಪಾಪ, ಎಷ್ಟೋ ತಿಂಗಳು ಹಾಗೆ ಬಂದಿರಿ. ಪ್ರತಿ ತಿಂಗಳೂ ಮುಟ್ಟು ಬಂತು. ಆಗ ತಪ್ಪಿದ್ದು ನಾನೇ, ಒಪ್ಪುತ್ತೇನೆ. ಆದರೆ ಅದು ಎಂಥ ತಪ್ಪು ಎಂದು ಕೇಳಿ, ನೀವೂ ನಗುತ್ತೀರಿ.

ಬಾದಾಮಿಗೆ ಸಕ್ಕರೆ ಕಟ್ಟುವ ಪಾಕ ಹೇಗೆ ಬರುತ್ತದೆ ನಿಮಗೆ ಗೊತ್ತು. ಮೊದಲು ಬಿಸಿ ಏರಬೇಕು. ಚೆನ್ನಾಗಿ ಕಾದ ಮೇಲೆ ಒಂದು ತೊಟ್ಟು ತೆಗೆದು, ಆರಿಸಿ, ಹೆಬ್ಬೆರಳು ತೋರುಬೆರಳಿನ ಮಧ್ಯೆ ಹಿಡಿದು ಬಿಡಿಸಿದರೆ ಎಳೆ ಕಟ್ಟುತ್ತದೆ. ತುಂಡಾಗದೆ ನಿಂತರೆ ಒಂದೆಳೆ ಪಾಕ, ಬಾದಾಮಿ ಸುರಿಯಬಹುದು. ಮೊದಲು ಬಿಸಿ, ಆಮೇಲೆ ಎಳೆ. ಹನ್ನೊಂದು ವರ್ಷದಿಂದ ನನ್ನ ಕೈಗೆ ಹತ್ತಿದ ಪಾಠ ಇದು. ಮೈಯಲ್ಲೂ ಹಾಗೇ ಅಂದುಕೊಂಡೆ. ಬಿಸಿ ಏರಿತು ಎಂದರೆ ಕೆಲಸ ಶುರು, ಇನ್ನು ಸುರಿಯುವ ಹೊತ್ತು ಬಂತು ಎಂದು ಲೆಕ್ಕ ಹಾಕಿದೆ. ಮಿಠಾಯಿ ಮಾಡುವವಳ ಬುದ್ಧಿ ಬಾಣಲೆ ಬಿಟ್ಟು ಎಲ್ಲಿಗೆ ಹೋಗುತ್ತದೆ?

ಕೊನೆಗೆ ಆರೋಗ್ಯ ಕೇಂದ್ರದ ನರ್ಸಕ್ಕನ ಹತ್ತಿರ ಹೋದೆ. ನಾನು ಹೇಳಿದ್ದನ್ನೆಲ್ಲ ಕೇಳಿ ಅವರು ಹಣೆ ಚಚ್ಚಿಕೊಂಡರು.

‘ಅಲ್ಲಮ್ಮಾ, ಬಿಸಿ ಏರಿತು ಅಂದ್ರೆ ಅಂಡ ಆಗಲೇ ಹೊರಗೆ ಬಂದಾಯ್ತು ಅಂತ. ಅದರ ಆಯಸ್ಸು ಒಂದು ದಿನ ಅಷ್ಟೇ. ನೀವು ಬಸ್ಸು ಹೋದ್ಮೇಲೆ ನಿಲ್ದಾಣಕ್ಕೆ ಓಡ್ತಿದ್ದೀರ.’

‘ಹಾಗಾದ್ರೆ ಮುಂಚೆ ಗೊತ್ತಾಗೋದು ಹೇಗಕ್ಕ?’

‘ಬಿಳಿ ಹೋಗೋದ್ರಲ್ಲಿ ತಿಂಗಳ ಮಧ್ಯೆ ಏನಾದ್ರೂ ವ್ಯತ್ಯಾಸ ಕಾಣುತ್ತಾ?’

ನನಗೆ ಮುಖ ಕೆಂಪಾಯಿತು. ಕಾಣುತ್ತಿತ್ತು, ಆದರೆ ಅದನ್ನು ಏನೋ ಕಾಯಿಲೆ ಎಂದುಕೊಂಡು ಯಾರಿಗೂ ಹೇಳದೆ ಮುಚ್ಚಿಟ್ಟಿದ್ದೆ, ನಿಮಗೂ ಹೇಳಿರಲಿಲ್ಲ. ನರ್ಸಕ್ಕ ಹೇಳಿದರು: ‘ಕಾಯಿಲೆ ಅಲ್ಲ ಕಣಮ್ಮ. ತುರಿಕೆ, ಕೆಟ್ಟ ವಾಸನೆ ಇದ್ರೆ ಬಂದು ತೋರಿಸು, ಅದು ಬೇರೆ. ಇದು ಮೈ ಹೇಳೋ ಮಾತು. ಮುಟ್ಟು ನಿಂತ ಮೇಲೆ ಕೆಲವು ದಿನ ಒಣಗಿದ ಹಾಗಿರುತ್ತೆ. ಆಮೇಲೆ ಅಂಟಂಟು, ಆಮೇಲೆ ಸ್ವಲ್ಪ ಕೆನೆ ಥರ. ಅಂಡ ಬರೋ ದಿನ ಹತ್ತಿರ ಆದಾಗ ಹಸಿ ಮೊಟ್ಟೆ ಒಡೆದ್ರೆ ಬಿಳಿ ಲೋಳೆ ಇರುತ್ತಲ್ಲ, ಹಾಗೇ ತಿಳಿಯಾಗಿ, ಜಾರೋ ಹಾಗೆ ಆಗುತ್ತೆ. ಎರಡು ಬೆರಳಲ್ಲಿ ಹಿಡಿದು ಬಿಡಿಸಿದ್ರೆ ಎಳೆ ಬರುತ್ತೆ. ತುಂಡಾಗಲ್ಲ.’

ನಾನು ಎಷ್ಟು ಜೋರಾಗಿ ನಕ್ಕೆನೆಂದರೆ ಹೊರಗೆ ಸಾಲಿನಲ್ಲಿ ಕೂತಿದ್ದವರು ಇಣುಕಿ ನೋಡಿದರು. ನರ್ಸಕ್ಕ ಗಾಬರಿಯಾಗಿ ನೀರು ತಂದುಕೊಟ್ಟರು. ಎಳೆ ನೋಡುವುದೇ ನನ್ನ ಹೊಟ್ಟೆಪಾಡು! ಊರಿಗೆಲ್ಲ ಎಳೆ ನೋಡಿ ಹೇಳುವ ಹೆಂಗಸು ತನ್ನ ಎಳೆಯನ್ನು ಕಾಯಿಲೆ ಎಂದು ಒರೆಸಿ ಹಾಕುತ್ತಿದ್ದಳು. ನಮ್ಮ ಗುಟ್ಟಿನ ಮಾತು ಮೊದಲಿನಿಂದ ಸರಿಯಾಗಿಯೇ ಇತ್ತು, ಅದನ್ನು ಹೇಳುತ್ತಿದ್ದ ದಿನ ಮಾತ್ರ ತಪ್ಪು. ಮೈಯಲ್ಲಿ ಮೊದಲು ಎಳೆ, ಆಮೇಲೆ ಬಿಸಿ.

ಅವತ್ತಿನಿಂದ ಬೇರೆ ಗುರುತುಗಳೂ ಒಂದೊಂದಾಗಿ ಕಣ್ಣಿಗೆ ಬಿದ್ದವು. ಎಳೆ ಇರುವ ದಿನಗಳಲ್ಲಿ ಕೆಳಹೊಟ್ಟೆಯ ಒಂದು ಪಕ್ಕಕ್ಕೆ ಸಣ್ಣಗೆ ಚಳಕು ಬರುತ್ತದೆ, ಒಂದು ತಿಂಗಳು ಎಡಕ್ಕೆ, ಇನ್ನೊಂದು ತಿಂಗಳು ಬಲಕ್ಕೆ. ಬಂದಾಗ ಸೌಟು ಬಿಟ್ಟು ಒಂದು ಗಳಿಗೆ ಸೊಂಟ ಹಿಡಿದುಕೊಂಡು ನಿಲ್ಲುತ್ತೇನೆ. ಬಿಸಿ ಏರಿದ ಮೇಲೆ ಎದೆ ಭಾರವಾಗಿ, ಮುಟ್ಟಿದರೆ ನೋಯುತ್ತದೆ. ಎಲ್ಲರಿಗೂ ಎಲ್ಲ ಗುರುತೂ ಕಾಣುವುದಿಲ್ಲವಂತೆ. ಹೊಲಿಗೆಯವಳನ್ನು ಮೆಲ್ಲಗೆ ಕೇಳಿದೆ. ‘ನಂಗೆ ಮೂರು ಮಕ್ಕಳು, ಒಂದು ಚಳಕೂ ಕಂಡಿಲ್ಲ, ನೀನೇನು ಹೇಳ್ತಿದ್ದೀಯೋ’ ಅಂದಳು.

ಇನ್ನೊಂದು ಗುರುತಿದೆ, ಬರೆಯಲೋ ಬೇಡವೋ ಎಂದು ಯೋಚಿಸುತ್ತಿದ್ದೇನೆ. ಆ ದಿನಗಳಲ್ಲಿ ನೀವು ಬಾಗಿಲ ಹಿಂದೆ ನೇತುಹಾಕಿ ಹೋದ ಹಳೆಯ ಅಂಗಿಯ ಪಕ್ಕ ಹಾದುಹೋದರೂ ನನಗೆ ನೀವು ಬೇಕು ಅನ್ನಿಸುತ್ತದೆ. ಯಂತ್ರದ ಎಣ್ಣೆ ವಾಸನೆಯ ಅಂಗಿ! ಇದು ಅಂಡದ ಕೆಲಸವೋ ನನ್ನ ಕೆಲಸವೋ ಎಂದು ನರ್ಸಕ್ಕನನ್ನು ಕೇಳಲಿಲ್ಲ. ಇದನ್ನು ಓದಿ ನಿಮ್ಮ ಕಿವಿ ಕೆಂಪಾದರೆ ನನಗೆ ಸಂತೋಷ.

ಅತ್ತೆ ಕರೆಯುತ್ತಿದ್ದಾರೆ. ಉಳಿದದ್ದು ನಾಳೆ.

ಭಾನುವಾರ

ಬಟ್ಟೆ ಒಗೆದು, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿ, ಈಗ ಅಂಗಳದ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ.

ಸರಿಯಾಗಿ ಓದಲು ಕಲಿತ ಮೇಲೆ ಎರಡು ಸಲ ಎಳೆ ಬಂದ ದಿನವೇ ಫೋನ್ ಮಾಡಿದೆ. ಎಳೆ ಇರುವಾಗ ಗಂಡ ಹೆಂಡತಿ ಸೇರಿದರೆ ಗಂಡಿನ ಬೀಜ ಒಳಗೆ ಮೂರು ನಾಲ್ಕು ದಿನ ಅಂಡಕ್ಕಾಗಿ ಕಾದಿರುತ್ತದಂತೆ. ಆದ್ದರಿಂದ ಒಂದು ದಿನ ಮುಂಚೆ ಬಂದರೂ ನಷ್ಟವಿಲ್ಲ, ತಡವಾದರೆ ಮಾತ್ರ ಕೆಟ್ಟಿತು ಎಂದು ನರ್ಸಕ್ಕ ಒತ್ತಿ ಹೇಳಿದ್ದರು. ಮೊದಲ ಸಲ ನಿಮ್ಮ ಬಸ್ಸು ದಾರಿಯಲ್ಲಿ ಕೆಟ್ಟಿತು. ಹೋದ ತಿಂಗಳು ಸೂಪರ್‌ವೈಸರ್ ರಜೆ ಕೊಡಲಿಲ್ಲ. ಎರಡು ಸಲವೂ ನೀವು ಚೀಲ ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಎಳೆ ಹೋಗಿ, ಬಿಸಿ ಏರಿ, ಎದೆ ನೋವು ಶುರುವಾಗಿತ್ತು. ನಿಮ್ಮ ಮುಖ ನೋಡಿ ನನಗೇ ಅಯ್ಯೋ ಅನ್ನಿಸಿತು. ತಲೆ ತಗ್ಗಿಸಿಕೊಂಡು ನಿಂತಿದ್ದಿರಿ. ನಾನೇ ನಿಮ್ಮನ್ನು ಸಮಾಧಾನ ಮಾಡಿದೆ, ಸೂಪರ್‌ವೈಸರಿಗೆ ನಾಲ್ಕು ಬೈಗುಳ ಬೈದು ಬಡಿಸಿದೆ. ನೀವು ಊಟ ಸರಿಯಾಗಿ ಮಾಡಲಿಲ್ಲ.

ಆಮೇಲೆ ನಿಮ್ಮ ಆ ಕಾಗದ ಬಂತು. ನಾನು ಓದುತ್ತಿರುವುದೇ ತಪ್ಪಿರಬಹುದು ಎಂದದ್ದು ಮನಸ್ಸಿನಲ್ಲಿ ಕೂತುಬಿಟ್ಟಿತು. ಕನ್ನಡಿ ಮುಂದೆ ನಿಂತು, ಇದು ನನ್ನನ್ನು ಆಡಿಸುತ್ತಿದೆಯೇ ಎಂದು ನನ್ನ ಹೊಟ್ಟೆಯನ್ನೇ ನೋಡುತ್ತಿದ್ದೆ. ಒಮ್ಮೆ ಕಳೆದುಕೊಂಡವಳಿಗೆ ಅನುಮಾನ ಬರಲು ಎಷ್ಟು ಹೊತ್ತು ಬೇಕು? ಬಾಣಲೆಯ ಎಳೆಯನ್ನೂ ನಂಬದಾದೆ. ಎರಡೆರಡು ಸಲ ನೋಡುತ್ತಿದ್ದೆ. ಜೊತೆಯವರು ‘ಏನಾಯ್ತೇ ನಿಂಗೆ?’ ಎಂದು ಕೇಳಿದರು.

ತಡೆಯಲಾರದೆ ಮತ್ತೆ ನರ್ಸಕ್ಕನ ಹತ್ತಿರ ಹೋದೆ. ‘ಮೈ ಸುಳ್ಳು ಹೇಳೋದುಂಟೇ ಅಕ್ಕ?’ ಎಂದು ಕೇಳಿದೆ. ಅವರು ಮುಚ್ಚುಮರೆ ಮಾಡಲಿಲ್ಲ. ಒಂದೊಂದು ಸಲ ಎಳೆ ಬಂದರೂ ಅಂಡ ಬರದೇ ಇರಬಹುದು, ಅದು ಉಂಟು ಎಂದರು. ‘ಆದ್ರೆ ಎಳೆ ಹೋದ ಮೇಲೆ ಬಿಸಿ ಏರಿ, ಮುಟ್ಟು ಬರೋವರೆಗೂ ಹಾಗೇ ನಿಂತಿದ್ರೆ ಅಂಡ ಬಂದಿದೆ ಅಂತಲೇ ಅರ್ಥ. ನಿಂಗೆ ಎರಡು ತಿಂಗಳೂ ಬಿಸಿ ನಿಂತಿದೆ. ನಿನ್ನ ಮೈ ಗಡಿಯಾರದ ಹಾಗೆ ನಡೀತಿದೆ. ನೀನು ಓದ್ತಿರೋದೂ ಸರಿಯಾಗಿದೆ. ನಿಮ್ಮವರು ಆ ದಿನ ಮನೇಲಿರಬೇಕು ಅಷ್ಟೇ.’ ಮನೆಯವರೆಗೂ ನಡೆದೇ ಬಂದೆ, ಬಸ್ಸು ಹತ್ತಬೇಕೆಂಬುದೇ ಮರೆತುಹೋಗಿತ್ತು, ಅಷ್ಟು ಹಗುರಾಗಿದ್ದೆ.

ಹಾಗಾಗಿ ಮಹಾರಾಯರೇ, ನಿಮ್ಮ ಸಮಾಧಾನವನ್ನು ದಯವಿಟ್ಟು ವಾಪಸು ತೆಗೆದುಕೊಳ್ಳಿ. ನನಗೆ ಬೇಕಾದದ್ದು ಅದಲ್ಲ, ನೀವು. ನಿನ್ನೆಯಿಂದ ಕೆನೆ ಥರ ಇದೆ, ಒಂದೆರಡು ದಿನದಲ್ಲಿ ಎಳೆ ಬರಬಹುದು. ಈ ಕಾಗದ ತಲುಪುವ ಮುಂಚೆಯೇ ನನ್ನ ಫೋನ್ ಬಂದಿರುತ್ತದೆ. ಈ ಸಲ ಆ ಸೂಪರ್‌ವೈಸರ್ ಏನೇ ಅನ್ನಲಿ, ಕಾಡಿ ಬೇಡಿಯಾದರೂ ಬನ್ನಿ. ಬೇಕಿದ್ದರೆ ಅವರಿಗೆ ಒಂದು ಡಬ್ಬಿ ಬಾದಾಮಿ ಮಿಠಾಯಿ ನನ್ನ ಲೆಕ್ಕದಲ್ಲಿ.

ಅತ್ತೆ ಪಕ್ಕದಲ್ಲೇ ಕೂತು ತಮ್ಮದೂ ಬರೆ ಅನ್ನುತ್ತಿದ್ದಾರೆ. ಅವರು ಹೇಳಿದ ಹಾಗೇ ಬರೆಯುತ್ತೇನೆ: ‘ಮಗನೇ, ನೂರ್ಕಾಲ ಚೆನ್ನಾಗಿರು. ಕಿವಿಗೆ ಬೆಚ್ಚಗೆ ಕಟ್ಕೋ. ನಿನ್ನ ಹೆಂಡತಿಗೆ ಜ್ವರ ಇಲ್ಲ, ಅದು ನಂಗೆ ಮೊದಲಿಂದ್ಲೂ ಗೊತ್ತು. ಬಾ ಅಂದಾಗ ಬಾ.’ ಇಷ್ಟು ಹೇಳಿ ಮುಖ ಆ ಕಡೆ ತಿರುಗಿಸಿಕೊಂಡರು. ಅವರ ಆಶೀರ್ವಾದ, ನನ್ನ ಮುತ್ತು, ಎರಡನ್ನೂ ಒಂದೇ ಲಕೋಟೆಯಲ್ಲಿ ಹಾಕಿದ್ದೇನೆ, ಅದಲು ಬದಲು ಮಾಡಿಕೊಳ್ಳಬೇಡಿ.

ನಿಮ್ಮವಳೇ ಆದ
ಬಾಯಿಬಡುಕಿ

ತಾ. ಕ.: ಸೋಮವಾರ, ಮಧ್ಯಾಹ್ನ. ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದೇ ಆಯಿತು.

ನಿಮ್ಮ ಪಕ್ಕದ ಮಂಚದ ಗ್ರೀಸಣ್ಣ ಇವತ್ತು ಕಾರ್ಖಾನೆಯ ಅಂಗಡಿಗೆ ಬಂದಿದ್ದರು, ಮಗಳಿಗೆ ಮಿಠಾಯಿ ಕೊಳ್ಳಲು. ನನ್ನನ್ನು ಕಂಡು ಕೈಮುಗಿದರು. ‘ನಿಮ್ಮೆಜಮಾನ್ರ ಉಪಕಾರ ಮರೆಯೋ ಹಾಗಿಲ್ಲಮ್ಮ. ಹೋದ ತಿಂಗಳು ಅವರಿಗೆ ರಜೆ ಸಿಕ್ಕಿತ್ತು. ನೀವು ಫೋನ್ ಮಾಡಿದ ದಿನ ತಾವಾಗೇ ಬಂದು, ನೀನು ಮೊದ್ಲು ಮನೆಗೆ ಹೋಗಿ ಬಾ, ನಾನು ನಾಲ್ಕು ದಿನ ಬಿಟ್ಟು ಹೋಗ್ತೀನಿ ಅಂದ್ರು. ನಾನು ಕೇಳೇ ಇರ್ಲಿಲ್ಲ’ ಎಂದರು. ಅವರ ಮಗಳಿಗೆಂದು ಒಂದು ಪೊಟ್ಟಣ ಹೆಚ್ಚು ಕಟ್ಟಿಕೊಟ್ಟು ಒಳಗೆ ಹೋದೆ. ಬಾಣಲೆಯ ಮುಂದೆ ನಿಂತೇ ಇದ್ದೆ. ಪಾಕ ಎಳೆ ದಾಟಿ ಗಟ್ಟಿಯಾಗಿ ಹೋಯಿತು. ನನ್ನ ಕೈಯಲ್ಲಿ ಪಾಕ ಕೆಟ್ಟದ್ದು ಇದೇ ಮೊದಲು.

ಮೇಲೆ ಬರೆದದ್ದನ್ನೆಲ್ಲ ಹರಿದು ಹಾಕೋಣ ಅನ್ನಿಸಿತು. ಹರಿಯಲಿಲ್ಲ. ಅದರ ಪ್ರೀತಿಯೂ ನಿಜವೇ. ಆದರೆ ಇಲ್ಲಿಂದ ಮುಂದೆ ‘ನೀವು’ ಎಂದು ಬರೆಯಲು ಕೈ ಏಳುತ್ತಿಲ್ಲ.

ಹಾಗಾದರೆ ಹೋದ ತಿಂಗಳಿನ ಹಿಂದಿನ ತಿಂಗಳು ಬಸ್ಸೂ ಕೆಟ್ಟಿರಲಿಲ್ಲ, ಅಲ್ಲವೇ? ನೀನು ಹೆದರಿದ್ದೀಯ. ಮೊದಲನೆಯದು ಹೋದ ದಿನ ಆಸ್ಪತ್ರೆಯಲ್ಲಿ ನಾನು ಅಷ್ಟು ಅತ್ತರೂ ನೀನು ಅಳಲೇ ಇಲ್ಲ. ಆಸ್ಪತ್ರೆಯವರು ಬಟ್ಟೆಯಲ್ಲಿ ಸುತ್ತಿ ಕೊಟ್ಟದ್ದನ್ನು ನೀನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ, ಕೇಳಿದರೂ ಯಾರ ಕೈಗೂ ಕೊಡಲಿಲ್ಲ. ನಾನು ಅದನ್ನು ನಿನ್ನ ಧೈರ್ಯ ಅಂದುಕೊಂಡಿದ್ದೆ.

ನನಗೂ ಹೆದರಿಕೆ ಕಣೋ. ಹೆದರಿಕೆ ಎಂದು ಒಂದು ಮಾತು ಅಂದಿದ್ದರೆ ಇಬ್ಬರೂ ಜೊತೆಗೆ ಕೂತು ಹೆದರಬಹುದಿತ್ತು. ಇನ್ನೂ ಒಂದು ವರ್ಷ ಬೇಡ ಎಂದಿದ್ದರೂ, ಎಂದೂ ಬೇಡ ಎಂದಿದ್ದರೂ ನಾನು ಅಳುತ್ತಿದ್ದೆ, ಜಗಳ ಮಾಡುತ್ತಿದ್ದೆ, ಕೇಳಿಸಿಕೊಳ್ಳುತ್ತಿದ್ದೆ. ನೀನು ಬರಲಿಲ್ಲ ಎಂಬುದಲ್ಲ ನನ್ನ ನೋವು. ನಿನ್ನ ಹೆದರಿಕೆಯನ್ನು ಮುಚ್ಚಲು ನೀನು ನನ್ನ ಮೈಯ ಮೇಲೆ ತಪ್ಪು ಹೊರಿಸಿದೆ. ನಿಜವನ್ನೇ ಹೇಳುತ್ತಿದ್ದ ಮೈಯನ್ನು ನಾನು ಇಷ್ಟು ದಿನ ಸುಳ್ಳಿ ಎಂದು ಬೈದುಕೊಂಡು ಓಡಾಡಿದೆ.

ಇವತ್ತು ಬೆಳಿಗ್ಗೆ ಎಳೆ ಬಂತು. ಫೋನ್ ಮಾಡಲಿಲ್ಲ. ಈ ಕಾಗದ ಗುಡ್ಡ ಹತ್ತಿ ನಿನ್ನ ಕೈ ಸೇರುವಷ್ಟರಲ್ಲಿ ಎಳೆ ಹೋಗಿರುತ್ತದೆ, ಬಿಸಿ ಏರಿರುತ್ತದೆ, ನೀನು ಹೆದರುವಂಥದ್ದು ಈ ತಿಂಗಳಿಗೆ ಏನೂ ಉಳಿದಿರುವುದಿಲ್ಲ.

ಆಗ ಬಾ.